ಎಂಟು ತೊಲ ಕೊಸರು

ಚಾಮರಾಜನಗರ
೭ ಅಕ್ಟೋಬರ್ ೧೯೫೬, ಭಾನುವಾರ. ಬೆಳಿಗ್ಗೆ ೭

ಮತ್ತೆ ತೂಗಿದೆ. ಬಾಲದ ಭಾಗ ಹದಿನೆಂಟು ತೊಲ. ನಿನ್ನೆ ಹದಿನೇಳಿತ್ತು. ಇಬ್ಬನಿ ಕುಡಿಯಿತೋ, ತಕ್ಕಡಿ ಸುಳ್ಳು ಹೇಳಿತೋ... ಕರಿಬಸಮ್ಮ ಕಾಫಿ ಲೋಟವನ್ನು ತಂದು ತಕ್ಕಡಿ ತಟ್ಟೆಯ ಮೇಲೇ ಇಟ್ಟಳು.

"ಇದನ್ನೂ ತೂಗ್ಬುಡಿ. ಕಟ್ಕೊಂಡೋಳ್ನೂ ಒಂದಿನ ತೂಗ್ತೀರಿ ನೀವು."

ಮೂವತ್ತು ವರ್ಷದ ಹಿಂದೆಯೇ ತೂಗಬೇಕಿತ್ತು ಅಂದೆ. ಕಾಫಿ ವಾಪಸ್ ಹೋಯಿತು.

ವಿಮಾನ ನಡುಮನೆಯಲ್ಲಿ ಅಡ್ಡ ಮಲಗಿದೆ. ಜನ ಕೂರುವುದಲ್ಲ, ರೇಡಿಯೋದಿಂದ ನಡೆಸುವ ಮಾದರಿ. ಜೋಡಿ ರೆಕ್ಕೆಯದು, ತುದಿಯಿಂದ ತುದಿಗೆ ಆರೂವರೆ ಅಡಿ. ಅಡಿಗೆಮನೆಗೆ ಹೋಗುವವರು ಬಗ್ಗಿ ಹೋಗಬೇಕು. ಬಿದಿರು, ಬೂರುಗದ ಮರ, ಅಂಟಿಗೆ ಮರವಜ್ರ. ಕಟ್ಟಿದವನು ಗಾಡಿ ಬಡಗಿ ಮೂಗಯ್ಯ. ಮೇಲಿನ ರೆಕ್ಕೆ ಕೆಳಗಿನದು ಅದಲುಬದಲಾಗದಿರಲಿ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದಾನೆ. ಮೇಲಿನದು 'ಅಣ್ಣ', ಕೆಳಗಿನದು 'ತಮ್ಮ'. ಅವನಿಗೆ ನಮ್ಮ ಮನೆ ಕಥೆ ಗೊತ್ತಿದ್ದು ಬರೆದನೋ, ಗೊತ್ತಿಲ್ಲದೆಯೋ. ಕೇಳಲಿಲ್ಲ.

ರೇಡಿಯೋ ಭಾಗ ನನ್ನ ರಿಪೇರಿ ಅಂಗಡಿಯಲ್ಲೇ ಆಯಿತು. ನೆಲದ ಮೇಲಿನ ಪೆಟ್ಟಿಗೆಯ ಗುಂಡಿ ಒಂದು ಸಲ ಒತ್ತಿದರೆ ವಿಮಾನ ಎಡಕ್ಕೆ, ಎರಡು ಸಲ ಒತ್ತಿದರೆ ಬಲಕ್ಕೆ. ಆ ಪೆಟ್ಟಿಗೆಗೆ ಸರ್ಕಾರದ ಲೈಸೆನ್ಸೂ ಬಂತು. ಬಾಕಿ ಎಂಜಿನ್ ಒಂದೇ.

೧೪ ಅಕ್ಟೋಬರ್

ಎಂಜಿನ್ ಬಂತು! ಇಂಗ್ಲೆಂಡಿನದು. ಊಟಿ ಟೀ ತೋಟದ ಮ್ಯಾನೇಜರ ರೇಡಿಯೋಗ್ರಾಮ್ ಸರಿ ಮಾಡಿಕೊಟ್ಟಿದ್ದೆ, ಆ ಸಂತೋಷಕ್ಕೆ ಅವರ ಬೀರುವಿನಲ್ಲಿ ಸುಮ್ಮನೆ ಕೂತಿದ್ದದ್ದನ್ನು ಕಳಿಸಿದ್ದಾರೆ. ಹತ್ತು ಸಿ.ಸಿ. ಡೀಸೆಲ್. ಕಿಡಿ ಹಾರಿಸಲು ಪ್ಲಗ್ಗಿಲ್ಲ, ಕಾಯಿಲ್ ಇಲ್ಲ, ಬ್ಯಾಟರಿಯಿಲ್ಲ. ಸೀಮೆಎಣ್ಣೆ, ಹರಳೆಣ್ಣೆ, ಈಥರ್ ಬೆರೆಸಿ ಕುಡಿಸಿದರಾಯಿತು. ಹರಳೆಣ್ಣೆ ಮನೆಯದೇ. ಈಥರಿಗೆ ಆಸ್ಪತ್ರೆ ಕಾಂಪೌಂಡರ ಕೈಕಾಲು ಹಿಡಿದೆ.

ಹಿತ್ತಲ ನುಗ್ಗೆಮರಕ್ಕೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆಸಿದೆ. ನಾಲ್ಕು ಪೌಂಡು ಎಳೆಯಿತು. ಲೆಕ್ಕ ಸುಲಭ: ಎಳೆತದ ಮೂರರಷ್ಟು ತೂಕ ಎತ್ತಬಹುದು, ಅಂದರೆ ಹನ್ನೆರಡು ಪೌಂಡು. ಇದನ್ನು ಕೂರಿಸಿದರೆ ಒಟ್ಟು ಹದಿಮೂರು ಆಗುತ್ತದೆ. ಒಂದು ಪೌಂಡು ಇಳಿಸಿದರೆ ಕೆಲಸ ಮುಗಿಯಿತು.

ಈಥರ್ ವಾಸನೆಗೆ ಕರಿಬಸಮ್ಮನಿಗೆ ತಲೆ ತಿರುಗಿ ನಗು ಬಂದುಬಿಟ್ಟಿತು. ಬಾವಿಕಟ್ಟೆ ಮೇಲೆ ಕೂತು ಕಾಲು ಗಂಟೆ ನಕ್ಕಳು. ಮದುವೆಯಾದ ಹೊಸದರಲ್ಲಿ ಹಾಗೆ ನಗುತ್ತಿದ್ದಳು.

೨೧ ಅಕ್ಟೋಬರ್, ಸಂಜೆ

ಗುಂಡ್ಲುಪೇಟೆಯಿಂದ ಬಸ್ಸಿನ ಟಾಪಿನ ಮೇಲೆ ಒಂದು ಮರದ ಪೆಟ್ಟಿಗೆ. ಜೊತೆಗೆ ಶಿವರುದ್ರಮ್ಮಕ್ಕನ ಕಾಗದ. ಅಕ್ಕಯ್ಯ ಮಾತಾಡಿದ ಹಾಗೇ ಬರೆಯುವವಳು:

"ನೀಲಕಂಠ, ಪುಟ್ಟ ಕೊಯಮತ್ತೂರಿಂದ ಇದ್ನ ನನ್ನೆಸ್ರಿಗೆ ಕಳ್ಸವ್ನೆ. ನೀನು ಇಮಾನ ಮಾಡ್ತಾ ಇದೀಯ ಅಂತ ನಾನೇ ಬರ್ದಿದ್ದೆ. ನಿಂಗೆ ಅಂತ ಅವ್ನು ಹೇಳಿಲ್ಲ. ನಂಗ್ಯಾಕೆ ಇಂಜಿನ್ನು, ರಾಗಿ ಬೀಸಕ್ಕಾ? ನೀನೇ ತಿಳ್ಕೊ."

ಪೆಟ್ಟಿಗೆ ತೆಗೆಯಲಿಲ್ಲ. ಮಂಚದ ಕೆಳಗೆ ಇಟ್ಟಿದ್ದೇನೆ.

೨೩ ಅಕ್ಟೋಬರ್

ಬರೆದುಬಿಡೋಣ. ಯಾರು ಓದುತ್ತಾರೆ.

ಹನ್ನೊಂದು ವರ್ಷವಾಯಿತು. ತಮ್ಮ ಪುಟ್ಟಮಲ್ಲಪ್ಪನ ಮದುವೆ. ಚಪ್ಪರದ ನೀರಿಗೆ ಅಂತ ತಾನೇ ಒಂದು ಪಂಪು ಮಾಡಿ ಬಾವಿಗೆ ಇಳಿಸಿದ್ದ. ಬೀಗರು ಕೈ ತೊಳೆಯಲು ಸಾಲು ನಿಂತ ಹೊತ್ತಿಗೆ ಸರಿಯಾಗಿ ನಿಂತುಹೋಯಿತು. ನಾನು ಎಲ್ಲರ ಮುಂದೆ ಅಂದೆ: "ಇವನ ಕೈಲಾಗೋದು ತಗಡು ಕೆಲಸ!" ನಗಿಸಲು ಅಂದದ್ದು. ಎಲ್ಲರೂ ನಕ್ಕರು. ಹಸೆಮಣೆ ಮೇಲಿದ್ದವನು ನಗಲಿಲ್ಲ. ಒಂದು ತಿಂಗಳಿಗೆ ಕೊಯಮತ್ತೂರಿನ ಪಂಪಿನ ಕಾರ್ಖಾನೆ ಸೇರಿದ. ಅಲ್ಲಿಂದ ನನಗೆ ಒಂದು ಕಾಗದವಿಲ್ಲ. ನಾನೂ ಹಾಕಲಿಲ್ಲ. ದೊಡ್ಡವನು ನಾನಲ್ಲವೇ...

೧ ನವೆಂಬರ್

ಹೊಸ ಮೈಸೂರು ರಾಜ್ಯ. ಅಂಗಡಿ ರೇಡಿಯೋ ಮುಂದೆ ಜನವೋ ಜನ. ಎಲ್ಲ ಕಡೆ ಒಂದಾದೆವು ಒಂದಾದೆವು ಅಂತ ಮಾತು. ಮನೆಗೆ ಬಂದವನು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆ.

೪ ನವೆಂಬರ್, ಭಾನುವಾರ

ಎಂಥ ಕೆಲಸ! ಹದಿನೈದು ಸಿ.ಸಿ. ಪೆಟ್ರೋಲ್ ಎಂಜಿನ್. ಪೂರಾ ಅವನದೇ ಕೈ. ಸಿಲಿಂಡರಿನ ಸುತ್ತಣ ಎಸಳುಗಳನ್ನು ಒಂದೊಂದಾಗಿ ಅರದಲ್ಲಿ ಉಜ್ಜಿದ್ದಾನೆ. ಬೆರಳಾಡಿಸಿದೆ, ಎಲ್ಲೂ ತಡೆಯಲಿಲ್ಲ. ಎರಡನೇ ತಿರುವಿಗೆ ಸ್ಟಾರ್ಟು. ಶಬ್ದ ಕೇಳಿ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಸಂತೆಪೇಟೆ ಕಡೆಗೆ ಹೋಯಿತು.

ಎಳೆತ ಇದರದೂ ನಾಲ್ಕು ಪೌಂಡು. ಆದರೆ ಭಾರ. ಬೀಡು ಕಬ್ಬಿಣ, ಮೇಲೆ ಕಾಯಿಲು, ಬ್ಯಾಟರಿ. ಇಂಗ್ಲೆಂಡಿನದಕ್ಕಿಂತ ಒಂದೂವರೆ ಪೌಂಡು ಜಾಸ್ತಿ. ಇದನ್ನು ಕೂರಿಸಿದರೆ ವಿಮಾನ ಹದಿನಾಲ್ಕೂವರೆ. ಇಳಿಸಬೇಕಾದ್ದು ಎರಡೂವರೆ ಪೌಂಡು, ಅಂದರೆ ತೊಂಬತ್ತೇಳು ತೊಲ. ಬುದ್ಧಿ ಇದ್ದವರು ಇಂಗ್ಲೆಂಡಿನದನ್ನೇ ಹಾಕುತ್ತಾರೆ.

ಕರಿಬಸಮ್ಮನನ್ನು ಕೇಳಿದೆ. ಸೊಪ್ಪು ಬಿಡಿಸುತ್ತಾ ಅಂದಳು: "ಆ ಊಟಿ ಇಂಜಿನ್ನ ಬುಟ್ರೆ ಅದ್ಕೇನು ಬೇಜಾರಾಗಕಿಲ್ಲ ಬುಡಿ."

ಪುಟ್ಟನದೇ.

೧೧ ನವೆಂಬರ್

ಕಾರ್ಡು ಹಾಕಿದೆ. ನಾಲ್ಕು ಹರಿದು ಐದನೆಯದು. "ಚಿರಂಜೀವಿ ಪುಟ್ಟನಿಗೆ ಆಶೀರ್ವಾದಗಳು. ನಿನ್ನ ಎಂಜಿನ್ ಕೂರಿಸುತ್ತಿದ್ದೇನೆ. ಎರಡನೇ ತಿರುವಿಗೆ ಹತ್ತಿತು." ಇಷ್ಟೇ. ಇನ್ನೊಂದು ಮಾತಿಗೆ ಜಾಗವೂ ಇತ್ತು. ಆದರೆ ಪೆನ್ನು...

೨೫ ನವೆಂಬರ್

ಉತ್ತರ ಬಂದದ್ದು ಅಕ್ಕಯ್ಯನಿಗೆ. 'ಹಾರಿಸುವ ದಿನ ತಿಳಿಸಕ್ಕ, ರಜಾ ಹಾಕಿ ಬರುತ್ತೇನೆ' ಅಂತ.

ಬರುತ್ತಾನೆ! ಖುಷಿಗೆ ಅಂಗಡಿ ಬೇಗ ಮುಚ್ಚಿದೆ. ಆಮೇಲೆ ಮತ್ತೆ ತಕ್ಕಡಿಯ ಮುಂದೆ ಕೂತೆ. ನೆಲ ಬಿಡದಿದ್ದರೆ? ಅವನ ಕೆಲಸ ಎರಡನೇ ಸಲ ಊರವರ ಮುಂದೆ ನಿಂತುಹೋಗಬಾರದು. ಅದೂ ನನ್ನ ದೆಸೆಯಿಂದ. ತೊಂಬತ್ತೇಳು ತೊಲ. ಒಂದು ತೊಲವನ್ನೂ ಬಿಡುವ ಹಾಗಿಲ್ಲ.

೨ ಡಿಸೆಂಬರ್, ಭಾನುವಾರ

ಭಾರದ ಗುಟ್ಟು ಸಿಕ್ಕಿತು. ಒಳಗಿನ ಕೀಲೊಂದನ್ನು ಬಿಚ್ಚಿದರೆ ಮರವಜ್ರದ ಜೊತೆಗೆ ಮೊಳೆ. ಇನ್ನೊಂದು ಬಿಚ್ಚಿದೆ, ಅಲ್ಲೂ ಮೊಳೆ. ಅರವತ್ತೆರಡು ಮೊಳೆ! ಒಂದು ಪಟ್ಟಿ ಸಾಕಾದ ಕಡೆ ಎರಡೆರಡು.

"ಯಾಕೋ ಮೂಗಯ್ಯ, ಅಂಟು ಹಾಕಿದ ಮೇಲೆ ಮೊಳೆ?"

"ಕೊಸರು, ಅಪ್ಪೋರೆ."

"ವಿಮಾನಕ್ಕೆ ಕೊಸರಾ!"

"ಸೇರು ಅಳ್ದ ಮ್ಯಾಲೆ ಒಂದಿಡಿ ಜಾಸ್ತಿ ಸುರೀದೆ ಓದ್ರೆ ಅಂಗ್ಡಿಯೋನ್ನ ಏನಂತಾರೆ ಜನ? ನಮ್ಮಪ್ಪ ಮಾಡಿದ್ ಗಾಡಿ ಇನ್ನೂ ಉಡಿಗಾಲದಲ್ಲಿ ಓಡಾಡ್ತಾ ಐತೆ. ಅಳ್ತೆಗೆ ಸರ್ಯಾಗ್ ಕೊಟ್ರೆ ಅದು ಕೆಲ್ಸಾನಾ?"

ಕೊಸರು ತೆಗಿ ಅಂದರೆ ಅವನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಕೂತು ಹೇಳಿದೆ: ಗಾಡಿ ನೆಲದ ಮೇಲೆ ಓಡುವುದು, ನೆಲ ಹೊರುತ್ತದೆ. ಇದನ್ನು ಹೊರುವುದು ಗಾಳಿ, ಗಾಳಿಗೆ ಹೆಗಲಿಲ್ಲ. ಎಲೆಅಡಿಕೆ ಮುಗಿಯುವವರೆಗೆ ಯೋಚನೆ ಮಾಡಿದ. ಆಮೇಲೆ ಇಕ್ಕಳ ಹಿಡಿದು ತಾನೇ ಮೊಳೆ ಕೀಳಲು ಕೂತ. ಪ್ರತಿ ಮೊಳೆಗೂ ಒಂದು ನಿಟ್ಟುಸಿರು.

೧೬ ಡಿಸೆಂಬರ್

ಮೂಗಯ್ಯನ ಕಡೆಯಿಂದ ನಲವತ್ತೊಂದು ತೊಲ ಇಳಿಯಿತು. ಈಗ ಬಟ್ಟೆ. ಕಾಟನ್ ಬಿಚ್ಚಿ ತೆಳು ರೇಷ್ಮೆ ಹೊದಿಸಿದೆವು. ಕರಿಬಸಮ್ಮನ ಹೊಲಿಗೆ. ತೂಗಿ ನೋಡಿದರೆ ಲೆಕ್ಕಕ್ಕಿಂತ ಜಾಸ್ತಿ. ತಿರುಗಿಸಿ ನೋಡಿದೆ. ಅಂಚನ್ನೆಲ್ಲ ಎರಡು ಮಡಿಕೆ ಮಡಿಚಿ ಎರಡು ಸಾಲು ಹೊಲಿದಿದ್ದಾಳೆ.

"ಒಂಟಿ ಹೊಲ್ಗೆ ಹಾಕಿದ್ರೆ ನೋಡ್ದೋರು ನನ್ನೇ ತಾನೆ ಆಡ್ಕೊಳೋದು?"

ಮೂಗಯ್ಯನಿಗೆ ಹಬ್ಬ. "ಅವ್ವಾರೇ, ಗಾಳೀಗ್ ಹೆಗ್ಲಿಲ್ಲ ಕಣ್ರವ್ವಾ!"

ಅವಳು ಸೂಜಿ ತೋರಿಸಿದಳು. ಅವನು ಓಡಿದ. ಬಿಚ್ಚಿ ಹೊಲಿಯಲು ನಾಲ್ಕು ದಿನ. ಇಪ್ಪತ್ತೆರಡು ತೊಲ ಇಳಿಯಿತು.

ನನ್ನದೇನು ಕಡಿಮೆಯೇ? ವಿಮಾನದೊಳಗಿನ ರಿಸೀವರಿನ ಪೆಟ್ಟಿಗೆಗೆ ಎರಡು ಸ್ಕ್ರೂ ಸಾಕು. ಹನ್ನೆರಡು ಹಾಕಿದ್ದೇನೆ.

೧೪ ಜನವರಿ ೧೯೫೭, ಸಂಕ್ರಾಂತಿ

ಎಳ್ಳುಬೆಲ್ಲ. ಮರದ ಗಾಲಿ ತೆಗೆದು ಟೊಳ್ಳು ಗಾಲಿ ಹಾಕಿದೆ. ರಿಸೀವರ್ ಪೆಟ್ಟಿಗೆ ತೆಗೆದು ರಟ್ಟಿನದು. ಇಳಿಯುತ್ತಿದೆ, ಇಳಿಯುತ್ತಿದೆ. ದಿನ ಗೊತ್ತು ಮಾಡಿ ಅಕ್ಕಯ್ಯನಿಗೆ ಬರೆದೆ — ಫೆಬ್ರವರಿ ಹತ್ತು, ಭಾನುವಾರ, ಉಡಿಗಾಲದ ಹತ್ತಿರ ಹುರುಳಿ ಕಿತ್ತ ಹೊಲ.

೩ ಫೆಬ್ರವರಿ

ಹನ್ನೆರಡು ಪೌಂಡು ಎಂಟು ತೊಲ. ಆ ಎಂಟು ತೊಲ ಅಲ್ಲಾಡುತ್ತಿಲ್ಲ. ಒಂದು ವಾರದಿಂದ ಹುಡುಕಿದೆ.

"ಅಪ್ಪೋರೆ, ನಾನು ನಾಕ್ದಿನ ಉಪಾಸ ಮಾಡ್ಲಾ?"

"ಹಾರೋದು ನೀನಲ್ಲ ಕಣೋ."

ನಿಜ ಹೇಳಬೇಕೆಂದರೆ ಎಂಟು ತೊಲ ಎಲ್ಲಿದೆ ಅಂತ ಗೊತ್ತು. ಪೆಟ್ರೋಲ್ ಟ್ಯಾಂಕು. ಹಿತ್ತಾಳೆಯದು, ನಾನೇ ಬೆಸೆದದ್ದು, ಹುಣಸೇಹಣ್ಣಿನಲ್ಲಿ ತಿಕ್ಕಿ ಹೊಳಪು ಬರಿಸಿದ್ದು. ಹನ್ನೊಂದೂವರೆ ತೊಲ. ತಗಡಿನಲ್ಲಿ ಮಾಡಿದರೆ ಮೂರೂವರೆಯಲ್ಲಿ ಮುಗಿಯುತ್ತದೆ. ಕರಿಬಸಮ್ಮನೂ ಹೇಳಿದಳು. ಆಗಲ್ಲ ಅಂದೆ. ಅವನ ಎಂಜಿನ್ನಿನ ಬೆನ್ನಿಗೆ ನಾನು ತಗಡು ಕಟ್ಟಲಾ? ಅದನ್ನು ನೋಡಿದರೆ ಅವನು ಏನೆಂದುಕೊಂಡಾನು...

೯ ಫೆಬ್ರವರಿ, ಶನಿವಾರ. ಸಂಜೆ ೬

ಬಂದ. ಹಾಸನೂರು ಘಾಟಿಯ ಧೂಳೆಲ್ಲ ಮೈಮೇಲೆ. ಕಿವಿ ಹತ್ತಿರ ನರೆ. ನನಗೆ ನಮಸ್ಕಾರ ಮಾಡಿ ಸೀದಾ ವಿಮಾನದ ಹತ್ತಿರ ಹೋದ. ಅಕ್ಕಯ್ಯ ನಿನ್ನೆಯೇ ಬಂದು ಕೂತಿದ್ದಾಳೆ. ಎಲ್ಲ ಮಾತೂ ಅವಳ ಮುಖಾಂತರವೇ. ನಾನು ವಿಮಾನದ ಈ ಕಡೆ, ಅವನು ಆ ಕಡೆ. ಮೊದಲು ಕೇಳಿದವನು ಅವನು.

"ಅಕ್ಕಯ್ಯ, ಒಟ್ಟು ತೂಕ ಎಷ್ಟಂತೆ ಕೇಳು."

"ಹನ್ನೆರಡು ಪೌಂಡು ಎಂಟು ತೊಲ ಅಂತ ಹೇಳಕ್ಕಯ್ಯ."

"ಟ್ಯಾಂಕು ಹಿತ್ತಾಳೇದು ಯಾಕೆ ಹಾಕವ್ರೆ ಕೇಳು."

"ಚೆನ್ನಾಗಿ ಕಾಣಲಿ ಅಂತ ಹೇಳು."

"ನಾನೇನು ಪೋಸ್ಟಾಪೀಸ್ನೇನ್ರಲಾ?" ಅಂತ ಅಕ್ಕಯ್ಯ ಎದ್ದು ಒಳಗೆ ಹೋದಳು.

ಪುಟ್ಟ ಬಗ್ಗಿ ಆ ಟ್ಯಾಂಕನ್ನು ತಟ್ಟಿ ನೋಡಿದ. ಆಮೇಲೆ ಅವನೂ ಒಳಗೆ ಹೋದ. ಕೈಯಲ್ಲಿ ಕಾಫಿಪುಡಿ ಡಬ್ಬ ಹಿಡಿದು ಬಂದ, ಹಿಂದೆಯೇ ಕರಿಬಸಮ್ಮ ಕೂಗುತ್ತಾ. ಪುಡಿಯನ್ನು ಪೇಪರಿಗೆ ಸುರಿದು, ಡಬ್ಬ ಕತ್ತರಿಸಿ, ಮಡಿಚಿ, ನನ್ನ ಬೆಸುಗೆ ಕಾವಿಯಲ್ಲೇ ಬೆಸೆದ. ಅರ್ಧ ಗಂಟೆ ಹಿಡಿಯಲಿಲ್ಲ. ತಕ್ಕಡಿಗೆ ಇಟ್ಟ. ಮೂರೂವರೆ ತೊಲ.

ನನ್ನ ಮುಖ ನೋಡಿ ಅಂದ: "ಅಣ್ಣಯ್ಯ, ಇದಕ್ಕೆ ತಗಡೇ ಆಗ್ಬೇಕು ಕಣ. ಬ್ಯಾರೆ ಏನೂ ಆಗಕಿಲ್ಲ."

"ಪುಟ್ಟ, ಅವತ್ತು ನಾನು..."

"ಕಾವಿ ಆರೋಯ್ತದೆ. ಈ ಮೂಲೆ ಇನ್ನೂ ಬಾಕಿ, ವಸಿ ಹಿಡ್ಕೊ."

ಹಿಡಿದುಕೊಂಡೆ. ಬೆರಳು ಸುಟ್ಟಿತು. ಬಿಡಲಿಲ್ಲ.

೧೦ ಫೆಬ್ರವರಿ, ಭಾನುವಾರ. ಮಧ್ಯಾಹ್ನ

ಹಾರಿತು!

ಬೆಳಿಗ್ಗೆ ಏಳೂವರೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ತೆಳು ಗಾಳಿ. ಅರ್ಧ ಉಡಿಗಾಲ ಬದುವಿನ ಮೇಲೆ ನಿಂತಿತ್ತು. ಪುಟ್ಟ ಎಂಜಿನ್ ತಿರುವಿದ, ಮೂಗಯ್ಯ ಬಾಲ ಬಿಟ್ಟ. ಓಡಿತು, ಓಡಿತು... ನೆಲ ಬಿಡುತ್ತಿಲ್ಲ. ಹೊಲದ ಕೊನೆ ಬಂತು. ಪುಟ್ಟನ ಕಡೆ ನೋಡಲು ಧೈರ್ಯವಾಗಲಿಲ್ಲ. ಬದು ಇನ್ನು ನಾಲ್ಕು ಮಾರು ಇದೆ ಅನ್ನುವಾಗ ಗಾಲಿಯ ಕೆಳಗೆ ಬೆಳಕು ಕಂಡಿತು. ಬದು ದಾಟಿತು. ಬೇಲಿ ದಾಟಿತು.

ಒಂದು ಒತ್ತಿದೆ, ಎಡಕ್ಕೆ ವಾಲಿತು. ವಾಲಿ ನೇರ ಬೇಲಿಯಾಚೆಯ ಹುಣಸೆಮರದ ಮೇಲಕ್ಕೆ! ಮೂರು ವರ್ಷ ಪುಸ್ತಕ ನೋಡಿ ಕಲಿತದ್ದೆಲ್ಲ ಮರೆತು ಮರದ ಹಾಗೆ ನಿಂತೆ. ಕಿವಿಯ ಹತ್ತಿರ ಪುಟ್ಟನ ಕೂಗು:

"ಎಲ್ಡು ಒತ್ತಣ್ಣಯ್ಯ! ಎಲ್ಡು!"

ಒತ್ತಿದೆ. ಬಲಕ್ಕೆ ಮಗ್ಗುಲಾಗಿ ಮರದ ತುದಿ ತಪ್ಪಿಸಿಕೊಂಡು ಬಿಸಿಲಿಗೆ ಬಂತು. ರೇಷ್ಮೆ ದೀಪದ ಹಾಗೆ ಹೊಳೆಯಿತು. ಕರಿಬಸಮ್ಮನ ಒಂಟಿ ಹೊಲಿಗೆ ಪೂರಾ ಕಾಣುತ್ತಿತ್ತಂತೆ, ಅವಳಿಗೆ ಮಾತ್ರ.

ಅಕ್ಕಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು: "ಯಾವ್ದ್ಲಾ ಮ್ಯಾಲಿರದು? ಅಣ್ಣನಾ, ತಮ್ಮನಾ?"

ಮೂಗಯ್ಯ: "ಇಷ್ಟು ದೂರ್ದಿಂದ ಗೊತ್ತಾಗಕಿಲ್ಲ ಕಣವ್ವ."

ಆರು ನಿಮಿಷ. ಪೆಟ್ರೋಲ್ ಮುಗಿದು ತೇಲುತ್ತಾ ಇಳಿಯಿತು. ಹುರುಳಿ ಸಾಲಿನಲ್ಲಿ ಎಡವಿ ಒಂದು ಗಾಲಿ ಕಿತ್ತುಬಂತು. ಮೂಗಯ್ಯ ಗಾಲಿ ಎತ್ತಿ ಎಲ್ಲರಿಗೂ ತೋರಿಸಿದ: "ಮೊಳೆ ಇದ್ದಿದ್ರೆ ಕೀಳ್ತಿತ್ತಾ?"

ಅದೇ ದಿನ, ಸಂಜೆ ೫

ಗಾಲಿ ಸರಿಮಾಡುವ ಮುಂಚೆ, ಕಿತ್ತದ್ದನ್ನೂ ಜೊತೆಗಿಟ್ಟು, ರೂಢಿಯ ಮೇಲೆ ತೂಗಿದೆ. ಹನ್ನೆರಡು ಪೌಂಡು ಎಂಟು ತೊಲ! ಎರಡು ಸಲ ತೂಗಿದೆ. ಎಲ್ಲಿಂದ ಬಂತು? ಬೆಳಿಗ್ಗೆಯ ಪೆಟ್ರೋಲೂ ಮುಗಿದಿತ್ತಲ್ಲ. ಒಳಗೆ ಕೈ ಹಾಕಿದೆ. ರಿಸೀವರಿನ ಹಿಂದೆ ಒಂದು ಬಟ್ಟೆ ಗಂಟು. ಬಿಚ್ಚಿದರೆ ಎರಡು ನಿಂಬೆಹಣ್ಣು, ಒಂದು ವಿಭೂತಿ ಗಟ್ಟಿ.

ಕರಿಬಸಮ್ಮ ಬಾಗಿಲಲ್ಲಿ ನಿಂತು: "ಅಷ್ಟು ಜನ ನೋಡ್ತಾರೆ. ದೃಷ್ಟಿ ಆಗದು ಬ್ಯಾಡ್ವಾ?"

ಕೂಗಾಡಬೇಕು ಅಂದುಕೊಂಡೆ. ಆಗಲಿಲ್ಲ. ಅದೇ ಎಂಟು ತೊಲ ಹೊತ್ತುಕೊಂಡೇ ಹಾರಿದೆಯಲ್ಲ! ಲೆಕ್ಕ ತಪ್ಪಿದ್ದು ಹೇಗೆ? ನಾಲ್ಕು ಪೌಂಡು ಎಳೆತಕ್ಕೆ ಹನ್ನೆರಡೇ ಪೌಂಡು...

ಪುಟ್ಟ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ತಲೆ ಎತ್ತದೆ ಅಂದ:

"ನೀನು ಪಿಟೀಲು ಬಿರಡೆ ತಿರ್ಗುಸ್ದಂಗೆ ವಸಿಯೇ ತಿರ್ಗುಸಿ ಅಳ್ದಿದೀಯ ಅಣ್ಣಯ್ಯ. ಆ ಪೆಟ್ರೋಲ್ ಬುಡೋ ಸೂಜಿ ಮೊಳೆ ಇನ್ನೊಂದು ಸುತ್ತು ಬುಟ್ಟು ನೋಡ್ಬೇಕಿತ್ತು, ಬೆಳಿಗ್ಗೆ ನಾನು ಬುಟ್ಟಂಗೆ. ಇಂಜಿನ್ನಲ್ಲಿ ವಸಿ ಕೊಸರು ಮಡಗಿದ್ದೆ ಕಣ."

ನಾನು ನಕ್ಕೆ. ಈ ಸಲ ಅವನೂ ನಕ್ಕ.

ನಾಳೆ ಹೊರಡಬೇಕಾಗಿದ್ದವನು ಇನ್ನು ನಾಲ್ಕು ದಿನ ಇರುತ್ತಾನಂತೆ. ಈಗ ಎಂಜಿನ್ನನ್ನು ಬಿಚ್ಚಿ ಹಿತ್ತಲಿಗೆ ಒಯ್ದಿದ್ದಾನೆ, ಆ ಇನ್ನೊಂದು ಸುತ್ತು ಎಷ್ಟು ಎಳೆಯುತ್ತದೋ ತೋರಿಸಲು. ಪಕ್ಕದ ಮನೆಯವರು ಎಮ್ಮೆಯನ್ನು ಆಗಲೇ ಒಳಗೆ ಕಟ್ಟಿಕೊಂಡರು. ಸ್ಪ್ರಿಂಗ್ ತಕ್ಕಡಿ ತಗೊಂಬಾ ಅಣ್ಣಯ್ಯ ಅಂತ ಕೂಗುತ್ತಿದ್ದಾನೆ. ಇಲ್ಲೇ ಇಟ್ಟಿದ್ದೆ. ಪೆನ್ನಿನ ಮುಚ್ಚಳವೂ ಎಲ್ಲೋ... ಬಂದೆ ಪುಟ್ಟ, ಇಗೋ ಬಂ