ಹೆಸರು ಕರೆಯದ ಎಲೆ

ಬೋಳಾರ, ಮಂಗಳೂರು
25 ಸೆಪ್ಟೆಂಬರ್ 2024

ಹರ್ಷಿತಾಳ ಪಪ್ಪನಿಗೆ,

ಕುಮುದಿನಿಯ ನಮಸ್ಕಾರ. ಫೋನ್ ಎತ್ತದ ವಕೀಲರಿಗೆ ನೋಟೀಸೇ ಗತಿ ಎಂದು ನಿಮ್ಮ ಜೂನಿಯರ್ ಆನ್ಸಿಯ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಆಫೀಸಿನ ಮೇಲಿನ ಕೋಣೆಯಲ್ಲಿ ಬನ್ಸ್, ಚಹಾದಲ್ಲೇ ದಿನ ದೂಡುತ್ತೀರಂತೆ. ಗ್ಯಾಸ್ಟ್ರಿಕ್ ನಿಮಗೆ, ಸಂಕಟ ನನಗೆ.

ಮಗಳು ಶುಕ್ರವಾರ ಸಂಜೆ ಚೆನ್ನೈ ರೈಲು ಹತ್ತುತ್ತಾಳೆ, ಸೈನ್ಯದ ಆಫೀಸರ್ ತರಬೇತಿಗೆ. ನೀವು ಬದುಕಿರುವಾಗ ಅವಳು ಆ ಯೂನಿಫಾರ್ಮ್ ಹಾಕುವುದು ಬೇಡ ಎಂದು ಹೇಳಿ ಜುಲೈಯಲ್ಲಿ, ಆಟಿ ತಿಂಗಳ ಮೊದಲಲ್ಲೇ ಮನೆಯಿಂದ ಹೊರಟಿರಿ. ಕಾರ್ಗಿಲ್‌ನಲ್ಲಿ ಕ್ಯಾಪ್ಟನ್ ಆಗಿದ್ದವರು ಹೀಗೆ ಹೇಳಬಹುದೇ ಎಂದು ಅವಳು ಅತ್ತಳು. ನನಗೆ ಮಾತ್ರ ಒಳಗೊಳಗೆ ಸಮಾಧಾನವೇ ಆಗಿತ್ತು. ನಿಮ್ಮ ಹಟವೇ ಗೆಲ್ಲಲಿ ಎಂದು ಮಂಗಳಾದೇವಿಗೆ ಹೂವಿನ ಪೂಜೆ ಹೇಳಿಕೊಂಡಿದ್ದೆ.

ತೀರಿಹೋದ ಹಿರಿಯರಿಗೆ ಆಟಿಯಲ್ಲಿ ಬಡಿಸುವ ದಿನವೂ ನೀವು ಬರಲಿಲ್ಲ. ಒಳಕೋಣೆಯಲ್ಲಿ ಎಲೆ ಹಾಕಿ ಕೋಳಿ ಸಾರು, ರೊಟ್ಟಿ ಬಡಿಸಿದ್ದಾಯಿತು. ನಿಮ್ಮ ಅಪ್ಪ ಬೂಬ ಮಾವ ಬಾಗಿಲಲ್ಲಿ ನಿಂತು ನೋಡಿ, “ನನ್ನ ಮಗ ರಂಜಿತ ಹಾಕುವ ಆ ಎಲೆ ಎಂತಕ್ಕೆ ಹಾಕ್ಲಿಲ್ಲ?” ಎಂದು ಕೇಳಿದರು. ಮದುವೆಯಾದಂದಿನಿಂದ ನೋಡುತ್ತಿದ್ದೇನೆ, ಕೊನೆಯಲ್ಲಿ ಒಂದು ಎಲೆ ಹಾಕಿ, ಕೋಳಿ ಮುಟ್ಟಿಸದೆ ಬರೀ ಅನ್ನ, ತೊವ್ವೆ ಬಡಿಸುತ್ತೀರಿ. ಅದು ಯಾರಿಗೆಂದು ಹರ್ಷಿತಾ ಕೇಳಿದಳು. ನಿಮ್ಮ ಪಕ್ಕದಲ್ಲೇ ಗುಂಡು ತಗಲಿ ಸತ್ತ ರಾಜಸ್ಥಾನದ ಹುಡುಗನಿಗೆ, ಅವನು ಮಾಂಸ ತಿನ್ನುತ್ತಿರಲಿಲ್ಲ ಎಂದೆ. ಈಗಲೂ ನಿದ್ದೆಯಲ್ಲಿ ನೀವು ಅವನನ್ನು ಹೊತ್ತು ತರುತ್ತೀರಿ, ಏದುಸಿರು ಬಿಟ್ಟು ಎದ್ದು ಕೂರುತ್ತೀರಿ ಎಂದೂ ಹೇಳಿದೆ. ಅವಳು ಹೆದರಿ ಮನಸ್ಸು ಬದಲಿಸಲಿ ಎಂದೇ ಹೇಳಿದ್ದು.

ಅವಳು ಎದ್ದುಹೋಗಿ ಒಂದು ಎಲೆ ತಂದಳು. ಒರೆಸಿ, ಕೊನೆಯಲ್ಲಿ ಹಾಕಿ, ನೀವು ಬಡಿಸುವ ಹಾಗೆಯೇ ನಿಧಾನವಾಗಿ ಬಡಿಸಿದಳು. ಇವಳನ್ನು ನಾವಿಬ್ಬರೂ ತಡೆಯಲಾರೆವು ಎಂದು ನನಗೆ ಆಗಲೇ ಗೊತ್ತಾಯಿತು. ನಿಮ್ಮ ಮೇಲಿನ ಸಿಟ್ಟೂ ಅಲ್ಲಿಗೇ ಇಳಿಯಿತು. ಆದರೆ ಮೊದಲು ಬರೆಯಲು ಅಭಿಮಾನ ಬಿಡಲಿಲ್ಲ.

ನಿಮ್ಮದು ಹಟವಲ್ಲ, ಹೆದರಿಕೆ. ನನ್ನದೂ ಅದೇ. ಬೇರೆ ಬೇರೆ ಕೂತು ಹೆದರುವುದೆಂತಕ್ಕೆ? ಒಂದೇ ಮನೆಯಲ್ಲಿ ಹೆದರೋಣ, ಬನ್ನಿ. ರೈಲಿನವರು ನಿಮಗೆ ಮುಂದಿನ ತಾರೀಕು ಕೊಡುವುದಿಲ್ಲ.

ನಿಮ್ಮವಳೇ ಆದ
ಕುಮುದಿನಿ

ಇನ್ನೊಂದು ಮಾತು: ಬಡಿಸಿದ ಮೇಲೆ ತೀರಿಹೋದವರನ್ನು ಹೆಸರು ಹಿಡಿದು ಕರೆದೇ, ಅವರು ಉಣ್ಣಲೆಂದು ಬಾಗಿಲು ಹಾಕಬೇಕಲ್ಲ? ಆ ಹುಡುಗನನ್ನು ನೀವು ಯಾವಾಗಲೂ ಮನಸ್ಸಿನಲ್ಲೇ ಕರೆದವರು, ನಮಗ್ಯಾರಿಗೂ ಹೆಸರು ಗೊತ್ತಿಲ್ಲ. ಹರ್ಷಿತಾ ಆ ಎಲೆಯ ಮುಂದೆ ಕೈಮುಗಿದು, “ಪಪ್ಪನ ಜೊತೆ ಇದ್ದವರೇ, ಊಟಕ್ಕೆ ಬನ್ನಿ” ಎಂದಳು. ಶುಕ್ರವಾರ ಸ್ಟೇಷನ್‌ಗೆ ಬಂದು ಅವಳಿಗೆ ಆ ಹೆಸರು ಹೇಳಿ ಕಳಿಸಿ.