ನಮ್ಮ ಎಮ್ಮೆಯ ಮೇಲೆ ನನಗಿರುವ ಹೊಟ್ಟೆಕಿಚ್ಚು

ಹೆರಿಗೆ ಆಸ್ಪತ್ರೆಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನಗೆ ನಮ್ಮ ಎಮ್ಮೆಯ ಮೇಲೆ ಹೊಟ್ಟೆಕಿಚ್ಚು. ನಗಬೇಡಿ. ಅದಕ್ಕೂ ನನಗೂ ಒಂದೇ ತಿಂಗಳಲ್ಲಿ ಹೆರಿಗೆಯಾಯಿತು, ಇಬ್ಬರಿಗೂ ಮೊದಲನೆಯದು, ಇಬ್ಬರದೂ ಕಷ್ಟದ್ದು. ಅದಕ್ಕೆ ಸಿಕ್ಕ ಆರೈಕೆ ನನಗೆ ಸಿಗಲಿಲ್ಲ ಎಂಬುದೇ ನನ್ನ ದೂರು.

ನನ್ನ ಗಂಡನದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ಬಾಣಂತನಕ್ಕೆ ಕೊಂಡ್ಲಹಳ್ಳಿಯ ತವರಿಗೆ ಬಂದಿದ್ದೇನೆ. ಹೆರಿಗೆ ಕೋಣೆಯಲ್ಲಿ ರಕ್ತ ನಿಲ್ಲದೆ ಹೋದಾಗ, ಸತ್ತೇ ಹೋಗುತ್ತೇನೆಂದು ಕಿರುಚಿದೆ. ತೊಡೆಗೆ ನರ್ಸಮ್ಮನ ಏಟು ಬಿತ್ತು. "ಸುಮ್ನೆ ಮಲ್ಕೋಳಮ್ಮ, ನೀನೊಬ್ಳೇ ಹಡೀತಿರೋದಾ?" ಎಂದರು. ಜೀವ ಉಳಿಸಿದ್ದೂ ಅವರೇ, ಆ ಋಣ ಇದೆ. ಆದರೆ ಮಗು ಅತ್ತರೆ ಈಗಲೂ ಆ ಕೋಣೆ ಕಣ್ಣೆದುರು ಬರುತ್ತದೆ, ಮಗಳನ್ನು ಎತ್ತಿಕೊಳ್ಳಲಾಗುವುದಿಲ್ಲ. ಗಾಳಿ ಸೋಕಿದೆಯೆಂದು ಅವ್ವ ಜೋಗಮ್ಮ ನನ್ನ ಕಿವಿಗೆ ಇನ್ನಷ್ಟು ಹತ್ತಿ ತುರುಕಿದಳು. "ಕೂಸು ದುಂಡುದುಂಡಗೈತೆ, ಇನ್ನೇನ್ ಬೇಕೇ ನಿಂಗೆ?" ಎಂದಳು. ಮಗುವಿನ ತೂಕ ನೋಡಲು ಬರುವ ನಿಮ್ಮ ಸಿಬ್ಬಂದಿಯೂ ಅದನ್ನೇ ಅಂದು ಹೋದರು.

ಇನ್ನು ಎಮ್ಮೆಯ ಭಾಗ್ಯ ಕೇಳಿ. ಕರು ಹತ್ತಿರ ಬಂದರೆ ಒದೆಯುತ್ತಿತ್ತು. ಅಪ್ಪ ಪಶುವೈದ್ಯರನ್ನು ಕರೆಸಿದ. "ಹೆದ್ರಿಕೊಂಡೈತೆ ಅಷ್ಟೇ. ಯಾರೂ ಗದರಬ್ಯಾಡ್ರಿ. ಮೈ ಸವರ್ರಿ, ಮಾತಾಡಿಸ್ರಿ. ನಾಳೆ ಮತ್ತೆ ಬರ್ತೀನಿ" ಎಂದರು ಅವರು. ಬಂದರು ಕೂಡ! ಅಂದಿನಿಂದ ಅವ್ವ ಕೊಟ್ಟಿಗೆಯಲ್ಲಿ ಕೂತು, "ನಮ್ಮವ್ವ, ನಮ್ ಬಂಗಾರಿ" ಎನ್ನುತ್ತಾ ಅದರ ಕುತ್ತಿಗೆ ಸವರುತ್ತಾಳೆ. ಗೋಡೆಯ ಈಚೆ ಮಲಗಿದ ನಾನು ಕಿವಿಯ ಹತ್ತಿ ತೆಗೆದು ಕೇಳಿಸಿಕೊಳ್ಳುತ್ತೇನೆ, ಅಳುತ್ತೇನೆ. ಕರು ಈಗ ಹಾಲು ಕುಡಿಯುತ್ತಿದೆ. ಹೊಟ್ಟೆ ಉರಿಯದೆ ಇರುತ್ತದೆಯೇ ಮಾನ್ಯರೇ?

ಅವ್ವನನ್ನು ಏಕೆ ದೂರಲಿ? ಎಮ್ಮೆಗೆ ಏನಾಗಿದೆಯೆಂದು ತಿಳಿದವರೊಬ್ಬರು ಅವಳಿಗೆ ಹೇಳಿದರು. ಹೆತ್ತ ಮಗಳಾದ ನನಗೆ ಏನಾಗಿದೆಯೆಂದು ಯಾರೂ ಹೇಳಲಿಲ್ಲ. ಹೇಳುವ ಕೆಲಸ ನಿಮ್ಮದಲ್ಲವೇ? 'ತಾಯಿ ಮತ್ತು ಮಗು' ಎಂದು ಗೋಡೆಗೋಡೆಗೂ ಬರೆಸುತ್ತೀರಲ್ಲ, ಅದರಲ್ಲಿ ತಾಯಿ ಎಂಬಾಕೆ ಯಾರು?

ಕಷ್ಟದ ಹೆರಿಗೆಯಾದವಳ ಮನೆಗೆ ಮನಸ್ಸಿನ ಚಿಕಿತ್ಸೆ ಬಲ್ಲ ಒಬ್ಬರನ್ನು ಕಳಿಸಿ. ಮಗುವನ್ನು ನೋಡುವ ಮೊದಲು ಅವಳನ್ನು ಮಾತಾಡಿಸಲಿ, ಮನೆಯವರನ್ನೂ ಕೂರಿಸಿಕೊಂಡು ಹೇಳಲಿ, ಮರುವಾರ ಮತ್ತೆ ಬರಲಿ. ಚಳ್ಳಕೆರೆಯ ಆಸ್ಪತ್ರೆಗೇ ಬಾ ಎಂದರೆ ತಲೆಗೆ ಬಟ್ಟೆ ಕಟ್ಟಿಕೊಂಡು ಬಸ್ಸಿನಲ್ಲಿ ಬರುತ್ತೇನೆ. ತಡ ಮಾತ್ರ ಮಾಡಬೇಡಿ. ಮಗಳು ಮುಖ ಗುರುತು ಹಿಡಿಯತೊಡಗಿದ್ದಾಳೆ. ನಿನ್ನೆ ನನ್ನನ್ನು ನೋಡಿ ಅತ್ತಳು, ಅವ್ವ ಎತ್ತಿಕೊಂಡ ಕೂಡಲೇ ನಕ್ಕಳು. ಈಗ ನನಗೆ ಅವ್ವನ ಮೇಲೂ ಹೊಟ್ಟೆಕಿಚ್ಚು.

ಇಂತಿ,
'ತಾಯಿ ಕ್ಷೇಮ' ಎಂದು ನೀವು ಮನೆಗೆ ಕಳಿಸಿಕೊಟ್ಟ ಬಾಣಂತಿ
ಪವಿತ್ರ, ಕೊಂಡ್ಲಹಳ್ಳಿ