ನಿಮ್ಮ ಚೌಕದಲ್ಲಿಲ್ಲದ ನಮ್ಮ ಬೆಟ್ಟ

ಹವಾಮಾನ ಮಾದರಿ ಕಚೇರಿಯ ಮುಖ್ಯಸ್ಥರಿಗೆ,

ಮಾನ್ಯರೇ, ಗೌನಿಪಲ್ಲಿ ಕಡೆಯ ನಮ್ಮ ಬೆಟ್ಟವನ್ನು ನೀವು ನೆಲಸಮ ಮಾಡಿದ್ದೀರಿ. ಕಲ್ಲುಕ್ವಾರಿಯವರು ವರ್ಷಗಟ್ಟಲೆ ಮದ್ದು ಸಿಡಿಸಿದರೂ ಆಗದ ಕೆಲಸವನ್ನು ಕುರ್ಚಿಯಲ್ಲಿ ಕೂತೇ ಮುಗಿಸಿದಿರಿ, ಶಭಾಷ್! ಆದರೆ ಆ ಬೆಟ್ಟದ ಮೇಲೆ ಸುರಿದ ಮಳೆ ನನ್ನ ಹೆಂಡತಿ ಆಂಜಿನಮ್ಮನನ್ನು ಕೊಂದಿದೆ. ಇಲ್ಲದ ಬೆಟ್ಟದಿಂದ ಅಷ್ಟು ನೀರು ಹೇಗೆ ಇಳಿಯಿತು, ಸ್ವಲ್ಪ ವಿವರಿಸುತ್ತೀರಾ?

2005ರ ಅಕ್ಟೋಬರ್. ನಮ್ಮ ರೇಷ್ಮೆಹುಳುಗಳು ಕೊನೆಯ ಜ್ವರ ಕಳೆದು, ಪೊರೆ ಬಿಟ್ಟು ಎದ್ದಿದ್ದವು, ಹಿಪ್ಪುನೇರಳೆ ಸೊಪ್ಪು ತಡವಾಗುವಂತಿರಲಿಲ್ಲ. ತೋಟ ಹಳ್ಳದಾಚೆ. ರೇಡಿಯೋದಲ್ಲಿ ನಿಮ್ಮ ಮುನ್ಸೂಚನೆ ಹಗುರ ಮಳೆ ಎಂದಿತ್ತು, ಊರಲ್ಲಿ ಬಿಸಿಲಿತ್ತು. ಸೊಪ್ಪಿನ ಹೊರೆ ಹೊತ್ತು ಒಣಗಿದ ಹಳ್ಳಕ್ಕೆ ಇಳಿದವಳು ಈಚೆ ದಡ ಹತ್ತಲಿಲ್ಲ. ಹೊಂಗೆ ಮರಕ್ಕೆ ಸಿಕ್ಕಿದ್ದ ಅವಳ ಸೆರಗು ಬಿಡಿಸಿದವನು ನಾನೇ. ಹುಳು ಸೊಪ್ಪು ತಿನ್ನುವ ಸದ್ದು ಥೇಟ್ ಮಳೆಯ ಸದ್ದು. ಅಂದಿನಿಂದ ನಾನು ಹುಳು ಸಾಕಿಲ್ಲ.

ಕಳೆದ ವರ್ಷ ನಿಮ್ಮ ಅಧಿಕಾರಿಯೊಬ್ಬರು ಕೋಲಾರದ ಕಾಲೇಜಿಗೆ ಬಂದು ಪರದೆಯ ಮೇಲಿನ ನಕ್ಷೆಯಲ್ಲಿ ದೊಡ್ಡ ಚೌಕದೊಳಗೆ ಸಣ್ಣ ಚೌಕ ತೋರಿಸಿದರು. ಕಂಪ್ಯೂಟರು ಮಳೆಯನ್ನು ಲೆಕ್ಕ ಹಾಕುವುದು ಹೀಗಂತೆ.

"ಸಾರ್, ಇದ್ರಲ್ಲಿ ನಮ್ಮ ಬೆಟ್ಟ ಎಲ್ಲಿ?" ಎಂದೆ.

"ಚೌಕಕ್ಕೆ ಒಂದೇ ಸರಾಸರಿ ಎತ್ತರ ರೀ. ಸಣ್ಣ ಬೆಟ್ಟ ಅದ್ರಲ್ಲಿ ಕರಗಿಹೋಗುತ್ತೆ. ಚೌಕ ಇನ್ನೂ ಚಿಕ್ಕದು ಮಾಡ್ಬಹುದು, ಕಂಪ್ಯೂಟರ್ ತಡೆಯಲ್ಲ."

ಮೋಡಕ್ಕೆ ಈ ಸರಾಸರಿಯ ವಿಷಯ ಯಾರಾದರೂ ತಿಳಿಸಿದ್ದೀರಾ? ಅದು ಬೆಟ್ಟಕ್ಕೆ ತಾಗಿ, ಮೇಲೇರಿ, ಅಲ್ಲೇ ಸುರಿಯುತ್ತದಲ್ಲ ಸ್ವಾಮಿ!

ಈಗ ಹಳ್ಳ ದಾಟುವ ಮುನ್ನ ನಮ್ಮೂರವರು ಬೆಟ್ಟದ ಕಡೆ ತಿರುಗಿ ತೆಲುಗಿನಲ್ಲಿ ಕೂಗುತ್ತಾರೆ: "ಆಂಜಿನಮ್ಮಾ, ದಾಟೊಚ್ಚಾ?" ದಾಟಬಹುದಾ ಎಂದು ಅವಳನ್ನೇ ಕೇಳುವುದು. ಮೊದಲು ಕೂಗಿದವಳು ನನ್ನ ತಾಯಿ ವೆಂಕಟರತ್ನಮ್ಮ. ಏನಮ್ಮಾ ಇದು ಎಂದರೆ, "ಮೇಲೆ ಮಳೆ ಬಿದ್ರೆ ಅವಳಿಗೆ ಗೊತ್ತಾಗ್ತದೆ ಕಣೋ. ರೇಡಿಯೋಗೇನು ಗೊತ್ತು?" ಅಂದಳು.

ಕೂಗಿದವರು ಉತ್ತರಕ್ಕೆಂದು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಭಾರತಮ್ಮ ಹಾಗೆ ನಿಂತಾಗಲೇ ಮೇಲಿನಿಂದ ನೀರಿನ ಸದ್ದು ಕೇಳಿತು, ಹಿಂದೆ ಸರಿದು ಉಳಿದಳು. ಅಂದರೆ ನಿಮ್ಮ ಕಚೇರಿಯ ಕೆಲಸವನ್ನು ಸತ್ತ ನನ್ನ ಹೆಂಡತಿ ಮಾಡುತ್ತಿದ್ದಾಳೆ. ನನ್ನ ಗತಿ ಕೇಳಿ: ಹಳ್ಳದ ಕಡೆಯಿಂದ ಆ ಹೆಸರು ಕೇಳಿದಾಗಲೆಲ್ಲ, ಬಂದಳೇನೋ ಎಂದು ಬಾಗಿಲಿಗೆ ಹೋಗುತ್ತೇನೆ. ನನಗೆ ಸಾಕಾಗಿದೆ.

ಬೆಟ್ಟದ ನೆತ್ತಿಯಲ್ಲಿ ಮಳೆಮಾಪಕ ಇಡಿ. ಬೆಟ್ಟ ಕಾಣುವಷ್ಟು ಚಿಕ್ಕ ಚೌಕ ಮಾಡಿ, ಅದರ ಎತ್ತರವನ್ನು ಅದಕ್ಕೆ ವಾಪಸ್ ಕೊಡಿ. ನೀರು ಇಳಿಯುವ ಮೊದಲೇ ನಮಗೆ ಹೇಳಿ. ಬದುಕಿದ್ದಾಗ ಅವಳು ಒಂದು ಗಳಿಗೆ ಸುಮ್ಮನೆ ಕೂತವಳಲ್ಲ. ಈಗಲಾದರೂ ಅವಳನ್ನು ಕೆಲಸದಿಂದ ಬಿಡಿಸಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಬಯಲಿನವನಾದ,
ಬೆಟ್ಟದ ಬುಡದ ಕೋದಂಡರಾಮಪ್ಪ